ಸುಭಾನ್ ಸಾಹೇಬರ ಪಿನ್ನಿನ ಕೋಟು

ಪಾಂಡವಪುರದ ಪೇಟೆಬೀದಿಯಲ್ಲಿ ಸುಭಾನ್ ಸಾಹೇಬರ ಟೈಲರ್ ಅಂಗಡಿಯಿತ್ತು. ಅಂಗಡಿ ಅನ್ನುವುದಕ್ಕಿಂತ ಎರಡು ಗೋಡೆಗಳ ನಡುವಿನ ಸಂದು ಅಂದರೆ ಸರಿ. ಮುಂದೆ ಸುಭಾನರ ಮಶೀನು, ಹಿಂದೆ ಅವರ ಹೆಂಡತಿ ಫಕ್ರುನ್ನೀಸಾಳ ಮಶೀನು. ಆಕೆ ಆಚೆ ಹೋಗಬೇಕಾದರೆ ಇವರು ಎದ್ದು ನಿಲ್ಲಬೇಕು. ಪ್ಯಾಂಟು, ಷರಟು, ಕೋಟು ಇವರ ಪಾಲು. ರವಿಕೆ, ಲಂಗ ಆಕೆಯ ಪಾಲು. ಹೇಳಿದ ದಿನಕ್ಕೆ ಬಟ್ಟೆ ಕೊಡುವ ದರ್ಜಿ ಎಂಬ ಅಪರೂಪದ ಹೆಸರು ಸುಭಾನರಿಗಿತ್ತು. ಹಾಗಾಗಿ ಸಕ್ಕರೆ ಕಾರ್ಖಾನೆಯವರಿಂದ ಹಿಡಿದು ಕ್ಯಾತನಹಳ್ಳಿಯ ಕಬ್ಬಿನವರವರೆಗೆ ಎಲ್ಲರೂ ಅಲ್ಲಿಗೇ ಬರುತ್ತಿದ್ದರು.

ಪಿನ್ನಿನ ಹುಚ್ಚು ಅವರಿಗೆ ಹಿಡಿದದ್ದು ಒಂದು ಕರಿಕೋಟಿನಿಂದ. ಯಾರೋ ಹಳೇ ವಕೀಲರು ಅದರ ಒಳಪದರದ ಬಟ್ಟೆ ಬದಲಾಯಿಸಲು ಕೊಟ್ಟಿದ್ದರು. ಕಾಲರ್ ಮಡಚಿದ ಕಡೆ ಕೈಯಾಡಿಸುತ್ತಿದ್ದಾಗ ಹೆಬ್ಬೆರಳಿಗೆ ಏನೋ ಚುರ್ ಎಂದು ಚುಚ್ಚಿತು. ತಿರುಗಿಸಿ ನೋಡಿದರೆ ಉಗುರಿನಗಲದ ತಗಡಿನ ಬಿಲ್ಲೆ. ಬಿಳಿ ಬಣ್ಣದ ಮೇಲೆ ಕೆಂಪು ಶಿಲುಬೆ, ಹಿಂದೆ ತುಕ್ಕು ಹಿಡಿದ ಮುಳ್ಳು.

"ಅದಾ? ಎರಡನೇ ಮಹಾಯುದ್ಧದ ಕಾಲದ್ದು" ಎಂದರು ವಕೀಲರು. "ಆಗ ಫ್ಲ್ಯಾಗ್ ಡೇ ಅಂತ ಮಾಡೋರು. ಗಾಯಾಳು ಸಿಪಾಯಿಗಳಿಗೆ ಅಂತ ಡಬ್ಬಿಗೆ ಕಾಸು ಹಾಕಿದರೆ ಎದೆಗೆ ಇದನ್ನ ಚುಚ್ಚೋರು. ಕೋಟು ನಮ್ಮಪ್ಪನದು, ನಾನು ಆಗ ಹುಡುಗ. ಬಿಸಾಕಿ ಅತ್ಲಾಗೆ."

ಸುಭಾನರಿಗೆ ಬಿಸಾಕಲು ಮನಸ್ಸು ಬರಲಿಲ್ಲ. ಎಷ್ಟು ಸಲ ಒಗೆದಿರಬೇಕು, ಎಷ್ಟು ಸಲ ಇಸ್ತ್ರಿ ಹಾಕಿರಬೇಕು, ಇದು ಮಾತ್ರ ಕಾಲರಿನ ಅಡಿಯಲ್ಲಿ ಅಡಗಿಕೊಂಡು ಕೂತೇ ಇದೆಯಲ್ಲ ಎಂದು ಅವರಿಗೆ ಅದರ ಮೇಲೆ ಒಂದು ಬಗೆಯ ಗೌರವ ಬಂತು. ಮಶೀನಿನ ಪಕ್ಕದ ಸೂಜಿದಿಂಬಿಗೆ ಸಿಕ್ಕಿಸಿಕೊಂಡರು.

ಒಂದು ಕಣ್ಣಿಗೆ ಬಿದ್ದ ಮೇಲೆ ಉಳಿದವು ತಾವಾಗಿಯೇ ಕಾಣತೊಡಗಿದವು. ಕೊಕ್ಕೆ ಕಿತ್ತುಹೋದ ರವಿಕೆಗೆ ಹೆಂಗಸರು ಸಿಕ್ಕಿಸಿಕೊಂಡು ಬರುತ್ತಿದ್ದ ಪಿನ್ನುಗಳಲ್ಲಿ ಒಂದು ಕಿರೀಟದ್ದಾಗಿತ್ತು. ಯಾರದೋ ಬೀಗದಕೈ ಗೊಂಚಲಿನಲ್ಲಿ ಹಡಗಿನ ಚಿತ್ರ ತೂಗುತ್ತಿತ್ತು. ಕೆ.ಆರ್.ಎಸ್.ನಿಂದ ಬರುತ್ತಿದ್ದ ನೀರಾವರಿ ಇಲಾಖೆಯ ಜವಾನನ ಮನೆಯಲ್ಲಿ ಕೂಸಿನ ತಾಯಿತಕ್ಕೆ ಒಂದು ಸಿಕ್ಕಿಕೊಂಡಿತ್ತು. ಸುಭಾನರು ಒಂದು ಕರಾರು ಸಾರಿಬಿಟ್ಟರು: ಯುದ್ಧದ ಕಾಲದ ಪಿನ್ನು ತಂದವರಿಗೆ ಗುಂಡಿ, ಕೊಕ್ಕೆ ಯಾವುದಿದ್ದರೂ ಬಿಟ್ಟಿ ಹೊಲಿದುಕೊಡುತ್ತೇನೆ. ವಾರದ ಸಂತೆ ದಿನ ಅಜ್ಜಿಯಂದಿರು ಸಂಚಿ ಬಿಚ್ಚಿ, ಎಲೆ ಅಡಿಕೆ ನಡುವೆ ತಡಕಾಡಿ, "ಇದೇನೋ ನೋಡಪ್ಪ ಸಾಬಣ್ಣ" ಎನ್ನುವುದು ಶುರುವಾಯಿತು.

ಮೊದಮೊದಲು ಪಿನ್ನುಗಳನ್ನು ಮನೆಯಲ್ಲೇ ಒಂದು ಡಬ್ಬಿಯಲ್ಲಿ ಇಟ್ಟಿದ್ದರು. ಒಂದು ದಿನ ಡಬ್ಬಿ ಉರುಳಿ ಅಷ್ಟೂ ಅಕ್ಕಿಯೊಳಗೆ ಬಿದ್ದವು. ಫಕ್ರುನ್ನೀಸಾ ಮೂರು ಹೊತ್ತೂ ಅಕ್ಕಿಯನ್ನು ಮೊರದಲ್ಲಿ ಹರಡಿಕೊಂಡು ಕೂತು, ಕೊನೆಗೆ ಗಂಡನಿಗೆ ಅಪ್ಪಣೆ ಮಾಡಿದಳು.

"ನಿಮ್ಮ ಲಡಾಯಿ ಎಲ್ಲಾ ಅಂಗಡೀಲೇ ಇಟ್ಕೊಳ್ಳಿ. ಪಲಾವಿನಲ್ಲಿ ನನಗೆ ಲವಂಗ ಸಿಕ್ಕರೆ ಸಾಕು."

ಅಂಗಡಿಯಲ್ಲಿ ಯಾರೋ ಹೊಲಿಸಿ ವಾಪಸು ಬರದೇ ಹೋದ ಒಂದು ನೀಲಿ ಉಣ್ಣೆಕೋಟಿತ್ತು. ಸುಭಾನರು ಪಿನ್ನುಗಳನ್ನೆಲ್ಲ ಅದರ ಒಳಮೈಗೆ ಸಾಲಾಗಿ ಚುಚ್ಚಿದರು. ಕಾಗದದ ಬಾವುಟದವು ಎಡಕ್ಕೆ, ತಗಡಿನವು ಬಲಕ್ಕೆ. ಉದುರದಿರಲೆಂದು ಮೇಲೊಂದು ತೆಳು ಮಲ್ಲುಬಟ್ಟೆಯ ಪರದೆ ಹೊಲಿದು ಗುಂಡಿ ಹಾಕಿದರು. ಹೊರಗಿನಿಂದ ನೋಡಿದರೆ ಅದು ಮದುವೆಗೆ ಹೋಗಲು ಸಿದ್ಧವಾದ ಒಳ್ಳೇ ಕೋಟು. ಒಂದು ದಿನ ಅದು ಮದುವೆಗೆ ಹೋಗಿಯೂ ಬಿಟ್ಟಿತು.

ತೊಂಬತ್ನಾಲ್ಕರ ಬೇಸಿಗೆ. ಕ್ಯಾತನಹಳ್ಳಿಯ ತಮ್ಮಯ್ಯ ತನ್ನ ಮಗ ಮಂಜುನಾಥನ ಮದುವೆಗೆ ನೀಲಿ ಕೋಟು ಹೊಲಿಯಲು ಹಾಕಿದ್ದ. ಹೆಣ್ಣಿನ ಕಡೆಯವರು ನಾಗಮಂಗಲದವರು. ಶುಕ್ರವಾರ ಸಂಜೆ ಅಲ್ಲಿನ ಛತ್ರದಲ್ಲಿ ಆರತಕ್ಷತೆ, ಮಾರನೇ ಬೆಳಿಗ್ಗೆ ಧಾರೆ. ಸುಭಾನರು ಕೋಟು ಮುಗಿಸಿ, ಬಟ್ಟೆಚೀಲ ತೊಡಿಸಿ ಗೂಟಕ್ಕೆ ನೇತುಹಾಕಿ ಶುಕ್ರವಾರ ಮಧ್ಯಾಹ್ನದ ನಮಾಜಿಗೆ ಹೋದರು. ಪಕ್ಕದ ಗೂಟದಲ್ಲಿ ಪಿನ್ನಿನ ಕೋಟೂ ಚೀಲದೊಳಗೇ ಇತ್ತು.

ಆ ಹೊತ್ತಿಗೇ ತಮ್ಮಯ್ಯ ಓಡೋಡಿ ಬಂದ. ಬೀದಿಯ ಕೊನೆಯಲ್ಲಿ ದಿಬ್ಬಣದ ಬಸ್ಸು ಹಾರನ್ ಬಡಿಯುತ್ತಿತ್ತು.

"ಅಕ್ಕಯ್ಯ, ಬಿರ್‍ರನೆ ಕೊಡವ್ವ, ಡ್ರೈವರು ಬುಟ್ಟೋಗ್ತೀನಿ ಅಂತಾವ್ನೆ!"

ಫಕ್ರುನ್ನೀಸಾ ಚೀಲದ ಬಾಯಿ ಸರಿಸಿ ನೀಲಿ ಬಣ್ಣ ನೋಡಿ ಕೊಟ್ಟುಬಿಟ್ಟಳು.

ತಮ್ಮಯ್ಯ ಕೈಯಲ್ಲಿ ತೂಗಿ ನೋಡಿದ. "ಇದೇನವ್ವ, ಇಂಗೆ ತೂಕ ಐತೆ?"

"ಮದುವೆ ಕೋಟಲ್ವಾ ಅಣ್ಣ, ಒಳಗೆ ಕ್ಯಾನ್ವಾಸು ಜಾಸ್ತಿ ಹಾಕವ್ರೆ" ಎಂದಳು ಆಕೆ, ಅಂಗಡಿಯ ಮರ್ಯಾದೆ ಬಿಟ್ಟುಕೊಡದೆ.

ನಮಾಜು ಮುಗಿಸಿ ಬಂದ ಸುಭಾನರು ಉಳಿದಿದ್ದ ಚೀಲ ಮುಟ್ಟಿದರು. ಹಗುರವಾಗಿತ್ತು. ಬಿಚ್ಚಿ ನೋಡಿದರು. ಹೊಸ ಗುಂಡಿಗಳು ಪಳಪಳ ಹೊಳೆದವು. ಅದನ್ನು ಹಾಗೇ ಹೆಂಡತಿಯ ಮುಂದೆ ಹಿಡಿದರು.

"ಯಾ ಅಲ್ಲಾ!" ಎಂದಳು ಫಕ್ರುನ್ನೀಸಾ. ಮರುಕ್ಷಣವೇ ಬುರ್ಖಾ ಹಾಕಿಕೊಂಡು ನಿಂತಳು. "ನಾನೂ ಬರ್ತೀನಿ. ಕೊಟ್ಟೋಳು ನಾನು, ಬೈಸ್ಕೊಳ್ಳೋಕೆ ನೀವೊಬ್ರೇ ಯಾಕೆ?"

ನಾಗಮಂಗಲದ ಬಸ್ಸು ಜಕ್ಕನಹಳ್ಳಿ ದಾರಿಯಲ್ಲಿ ಕಂಡಕಂಡವರಿಗೆಲ್ಲ ನಿಂತು ನಿಂತು ಹೋಯಿತು. ಸುಭಾನರು ಮದುಮಗನ ಕೋಟನ್ನು ಕೂಸಿನಂತೆ ಮಡಿಲಲ್ಲಿ ಇಟ್ಟುಕೊಂಡಿದ್ದರು. ಅವರ ಕಣ್ಣಮುಂದೆ ಬೇರೆ ಬೇರೆ ಚಿತ್ರಗಳು: ಯಾರೋ ಪಿನ್ನುಗಳನ್ನು ಕಿತ್ತು ಮಕ್ಕಳಿಗೆ ಆಡಲು ಕೊಟ್ಟಂತೆ, ಅಡುಗೆಭಟ್ಟರು ಗುಡಿಸಿ ಹಾಕಿದಂತೆ, ಮದುಮಗನ ಎದೆಗೆ ಚುಚ್ಚಿ ಮದುವೆಯೇ ನಿಂತುಹೋದಂತೆ.

"ಆ ಹುಡುಗ ತೆಳ್ಳಗೆ ಇದ್ದಾನೆ. ಕೋಟು ಅವನಿಗೆ ದೊಡ್ಡದು. ನಾನು ಹೊಲಿದೆ ಅಂತಾರೆ ಎಲ್ಲರೂ" ಎಂದು ನರಳಿದರು.

"ಪಿನ್ನಿಗಿಂತ ಇದೇ ಜಾಸ್ತಿ ನೋವಾ ನಿಮಗೆ?" ಫಕ್ರುನ್ನೀಸಾ ಕಿಟಕಿಯ ಕಡೆ ತಿರುಗಿ ನಗು ನುಂಗಿಕೊಂಡಳು.

ಅವರು ಛತ್ರ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ವೇದಿಕೆಯ ಮೇಲೆ ಮಂಜುನಾಥ ಆ ದೊಡ್ಡ ಕೋಟಿನೊಳಗೆ ಮುಳುಗಿ, ವಧು ಪ್ರಮೀಳಾಳ ಪಕ್ಕ ನಿಂತಿದ್ದ. ಹಿರಿಯರ ಕಾಲಿಗೆ ಬಗ್ಗಿದಾಗಲೆಲ್ಲ ಅವನೊಳಗಿಂದ ಝಣ್ ಎಂದು ಸದ್ದು ಬರುತ್ತಿತ್ತು. ಹೆಣ್ಣಿನ ಗೆಳತಿಯರು ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ಪ್ರಮೀಳಾ ತಲೆ ತಗ್ಗಿಸಿ ನಿಂತಿದ್ದಳು, ಭುಜ ಮಾತ್ರ ಕುಲುಕುತ್ತಿತ್ತು.

ಸುಭಾನರು ವೇದಿಕೆಯ ಹಿಂಬದಿಯಿಂದ ಹೋಗಿ ಅವನ ಕಿವಿಯಲ್ಲಿ ಉಸುರಿದರು. ಮಂಜುನಾಥನಿಗೆ ಹೋದ ಜೀವ ಬಂದಂತಾಯಿತು.

"ಬಂದ್ರಾ ಸಾಹೇಬ್ರೆ! ಅಪ್ಪಿಕೊಂಡೋರೆಲ್ಲ ಅಮ್ಮಾ ಅಂತ ಕಿರುಚ್ಕೊತಾವ್ರೆ. ನನ್ನ ಮೈಗೇನೋ ದೋಸ ಐತೆ ಅಂತ ಮಾವನೋರು ಆಗ್ಲೇ ಗುಸುಗುಸು ಸುರು ಮಾಡವ್ರೆ."

ಪಕ್ಕದ ಕೋಣೆಯಲ್ಲಿ ಕೋಟು ಬದಲಾಯಿತು. ಹೊಸದು ಮಂಜುನಾಥನಿಗೆ ಅಚ್ಚುಕಟ್ಟಾಗಿ ಕೂತದ್ದನ್ನು ನೋಡಿ ಸುಭಾನರು ನಿಟ್ಟುಸಿರು ಬಿಟ್ಟರು. ಆಮೇಲೆ ಪರದೆಯ ಗುಂಡಿ ಬಿಚ್ಚಿ ತಮ್ಮ ಪಿನ್ನುಗಳನ್ನು ನೋಡಿಕೊಳ್ಳತೊಡಗಿದರು. ಆ ಕೋಣೆಯ ಮೂಲೆಯಲ್ಲಿ ಪ್ರಮೀಳಾಳ ಅಜ್ಜಿ ದ್ಯಾವಮ್ಮ ಅಡಿಕೆ ಕತ್ತರಿಸುತ್ತ ಕೂತಿದ್ದರು. ಇಣುಕಿ ನೋಡಿದವರು ಅಡಕತ್ತರಿ ಕೆಳಗಿಟ್ಟು ಎದ್ದೇ ಬಿಟ್ಟರು.

"ಅಯ್ಯೋ ನನ್ನಪ್ಪ! ಈ ಇಮಾನದ್ದು ನಿಂಗೆಲ್ಲಿ ಸಿಕ್ತು?"

ಅವರ ಬೆರಳು ವಿಮಾನದ ಚಿತ್ರವಿದ್ದ ಒಂದು ತಗಡಿನ ಮೇಲಿತ್ತು. ದ್ಯಾವಮ್ಮನ ತವರು ಪಾಂಡವಪುರ. ಅವರ ಬಾಲ್ಯದಲ್ಲಿ ಊರಿಗೆ ಫ್ರೆಂಚ್ ರಾಕ್ಸ್ ಎಂದೇ ಹೆಸರು. ಯುದ್ಧದ ದಿನಗಳಲ್ಲಿ ಶಾಲೆಯ ಮೇಷ್ಟರು ನಾಲ್ಕಾರು ಹುಡುಗಿಯರನ್ನು ರೈಲ್ವೆ ಸ್ಟೇಷನ್ನಿಗೆ ಕರೆದೊಯ್ದು, ಕೈಗೆ ಡಬ್ಬಿ ಕೊಟ್ಟು, ರೈಲಿಳಿದವರ ಎದೆಗೆಲ್ಲ ಪಿನ್ನು ಚುಚ್ಚಲು ಹೇಳಿದ್ದರಂತೆ. "ನಾನೇ ಕಣಪ್ಪ ಎಲ್ರಿಗಿಂತ ಜೋರು. ಬಾಗಿಲಿಗೆ ಅಡ್ಡ ನಿಂತ್ಕೊಬುಡ್ತಿದ್ದೆ" ಎಂದು ದ್ಯಾವಮ್ಮ ಎದೆ ಸೆಟೆಸಿದರು.

ಗದ್ದಲ ಕೇಳಿ ಕೋಣೆಯ ಬಾಗಿಲಲ್ಲಿ ಜನ ಸೇರಿದರು. ಗಂಡಿನ ಕಡೆಯ ಹಿರಿಯ, ತಮ್ಮಯ್ಯನ ದೊಡ್ಡಪ್ಪ ಚಲುವಯ್ಯ ಕೋಲೂರಿಕೊಂಡು ಮುಂದೆ ಬಂದು ಪಿನ್ನು ನೋಡಿ ಗಹಗಹಿಸಿ ನಕ್ಕರು.

"ಇಂತಾದು ನಮ್ಮೂರಿಗೇ ಒಂದಿತ್ತು ಕಣ್ರಲಾ! ಯಾರು ರೈಲಿಗೆ ಓದ್ರೂ ಅದನ್ನೇ ಎದೆಗೆ ಸಿಕ್ಕಿಸ್ಕೊಂಡು ಓಗೋದು. ಆಗ್ಲೇ ಹಾಕಿವ್ನಿ ಅಂತ ತೋರಿಸ್ಬುಟ್ರೆ ಬುಡೋರು. ವಾಪಸು ಬಂದು ಇನ್ನೊಬ್ನಿಗೆ ಕೊಡೋದು. ಒಂದು ಪಿನ್ನು, ಊರೆಲ್ಲ ದಾನ ಮಾಡ್ದಂಗಾಯ್ತು!"

ಜನ ಬಿದ್ದು ಬಿದ್ದು ನಕ್ಕರು. ದ್ಯಾವಮ್ಮ ಮಾತ್ರ ನಗಲಿಲ್ಲ. ಚಲುವಯ್ಯನ ಮುಖವನ್ನೇ ದಿಟ್ಟಿಸಿದರು.

"ರೆಕ್ಕೆ ಸೊಟ್ಟಗಾಗಿದ್ದ ಇಮಾನ ತಾನೆ?"

"ಊಂ... ಸೊಟ್ಟಗೇ ಇತ್ತು. ನಿಮಗೆಂಗೆ ಗೊತ್ತು?"

"ಅದೇ ಸೊಟ್ಟ ಇಮಾನ ದಿನಾ ಬೇರೆ ಬೇರೆ ಎದೆ ಮ್ಯಾಲೆ ಬರೋದು ಕಣಯ್ಯ! ಮೇಷ್ಟ್ರಿಗೆ ಏಳಿದ್ರೆ, ನಿಂಗೆ ಕಣ್ಣು ಸರಿ ಇಲ್ಲ ಅಂದ್ಬುಟ್ರು. ಆ ಕಳ್ರು ನಿಮ್ಮೂರೋರಾ?"

ಚಲುವಯ್ಯ ಕೋಲು ಕಂಕುಳಿಗೆ ಸಿಕ್ಕಿಸಿಕೊಂಡು ಎರಡೂ ಕೈ ಮುಗಿದರು. ದ್ಯಾವಮ್ಮ ಅಷ್ಟಕ್ಕೇ ಬಿಡುವವರಲ್ಲ. ಸುಭಾನರ ಕಡೆ ಕೈ ಚಾಚಿ ವಿಮಾನದ ಪಿನ್ನು ಇಸಿದುಕೊಂಡು, ಚಲುವಯ್ಯನ ಕೈ ಹಿಡಿದು ವೇದಿಕೆಗೆ ಎಳೆದೊಯ್ದು, ಇಡೀ ಛತ್ರದ ಎದುರಿಗೆ ಅವರ ಬಿಳಿ ಜುಬ್ಬಕ್ಕೆ ಚುಚ್ಚಿದರು.

"ಈಗ ತಪ್ಪಿಸ್ಕೊ, ನೋಡ್ತೀನಿ."

ಅಲ್ಲಿಂದ ಮುಂದೆ ಯಾರನ್ನೂ ಹಿಡಿಯಲಾಗಲಿಲ್ಲ. ಬೀಗರಿಬ್ಬರ ಕಡೆಯ ಮುದುಕ ಮುದುಕಿಯರೆಲ್ಲ ತಮಗೂ ಒಂದು ಬೇಕೆಂದು ಸಾಲುಗಟ್ಟಿದರು. ಬೇಡವೆನ್ನಲು ಸುಭಾನರಿಂದ ಆಗಲಿಲ್ಲ. ಒಂದೊಂದಾಗಿ ಬಿಡಿಸಿಕೊಡುತ್ತ, ಯಾವುದು ಯಾರ ಎದೆಗೆ ಹೋಯಿತೆಂದು ನೆನಪಿಟ್ಟುಕೊಳ್ಳಲು ಹೆಣಗಿ ಕೈಬಿಟ್ಟರು. ಫೋಟೋದವನು ಕೂಗಿ ಕೂಗಿ ಎಲ್ಲರನ್ನೂ ವೇದಿಕೆಯ ಮೇಲೆ ಒತ್ತಿ ನಿಲ್ಲಿಸಿದ. ಮಂಜುನಾಥನ ಹೊಸ ಕೋಟಿಗೆ ಕಿರೀಟ, ಪ್ರಮೀಳಾಳ ಸೆರಗಿಗೆ ಹಡಗು. ಫಕ್ರುನ್ನೀಸಾಳನ್ನೂ ಹೆಂಗಸರು ಎಳೆದುಕೊಂಡು ಹೋಗಿ ಮೊದಲ ಸಾಲಿನಲ್ಲಿ ಕೂರಿಸಿದರು.

ಊಟವಾಯಿತು. ಪಾಯಸ ಎರಡೆರಡು ಸಲ ಬಿತ್ತು. ಸುಭಾನರ ಗಮನ ಮಾತ್ರ ಎಲೆಯ ಮೇಲಿರಲಿಲ್ಲ. ಕಣ್ಣು ಎದೆಯಿಂದ ಎದೆಗೆ ಓಡಾಡುತ್ತಿತ್ತು. ಅದನ್ನು ಗಮನಿಸಿದ ಫಕ್ರುನ್ನೀಸಾ ಕೈ ತೊಳೆದು, ಖಾಲಿ ಕೋಟನ್ನು ತೋಳಿಗೆ ಹಾಕಿಕೊಂಡು ಛತ್ರದ ಬಾಗಿಲಲ್ಲಿ ನಿಂತಳು. ತಾಂಬೂಲ ತೆಗೆದುಕೊಂಡು ಹೊರಟವರೆಲ್ಲ ಆಕೆಯ ಎದುರು ನಿಂತು ಪಿನ್ನು ಬಿಚ್ಚಿ, ಕೋಟಿಗೆ ಚುಚ್ಚಿ ಮುಂದೆ ಹೋದರು. ಕೆಲವರು ಯಾರು ಯುದ್ಧಕ್ಕೆ ಹೋಗಿದ್ದರು, ಯಾರು ಬರಲಿಲ್ಲ ಎಂದು ಎರಡು ಮಾತು ಹೇಳಿ ಹೋದರು. ಕೃಷ್ಣರಾಜಪೇಟೆಯಿಂದ ಬಂದಿದ್ದ ಪುಟ್ಟಗೌರಮ್ಮ ಎಂಬಾಕೆ, ಬರ್ಮಾದಲ್ಲಿ ಕಳೆದುಹೋದ ತನ್ನ ಅಣ್ಣನ ಹೆಸರು ಹೇಳಿ, ತನ್ನ ಮನೆಯಲ್ಲೂ ಇಂಥದ್ದೊಂದಿದೆ, ಕಳಿಸುತ್ತೇನೆ ಎಂದಳು. ಫಕ್ರುನ್ನೀಸಾ ಆಕೆಯ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದಳು.

ಎಲ್ಲರದೂ ಬಂತು, ಚಲುವಯ್ಯನದು ಬಿಟ್ಟು. ಅವರು ಎದೆಯುಬ್ಬಿಸಿಕೊಂಡು ವೇದಿಕೆಯ ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ತಮ್ಮಯ್ಯ ನಾಚಿಕೆಪಟ್ಟು ಅದನ್ನು ಕೇಳಲು ಹೊರಟ. ಸುಭಾನರು ಅವನ ತೋಳು ಹಿಡಿದರು.

"ಬಿಡಿ ತಮ್ಮಯ್ಯನೋರೆ. ಆ ಅಜ್ಜಿ ಚುಚ್ಚಿದ್ದನ್ನ ಬಿಚ್ಚೋಕೆ ನಾನ್ಯಾರು?"

ಆ ಫೋಟೋದ ಒಂದು ಪ್ರತಿಯನ್ನು ಮಂಜುನಾಥ ತಂದುಕೊಟ್ಟ. ಅಂಗಡಿಯ ಗೋಡೆಯಲ್ಲಿ ಅದನ್ನು ನೋಡಿದವರು ಕೇಳುವುದು, ಸುಭಾನರು ಕತ್ತರಿ ಕೆಳಗಿಟ್ಟು ಹೇಳುವುದು. ಹೀಗಾಗಿ ಹೇಳಿದ ದಿನಕ್ಕೆ ಬಟ್ಟೆ ಕೊಡುವ ಹೆಸರು ಕೊಂಚ ಕೆಟ್ಟಿತು. ಆದರೆ ಪಿನ್ನುಗಳು ಮಾತ್ರ ಶ್ರೀರಂಗಪಟ್ಟಣದಿಂದ, ನಾಗಮಂಗಲದಿಂದ, ಬಸ್ ಕಂಡಕ್ಟರುಗಳ ಕೈಯಲ್ಲಿ ಬರತೊಡಗಿದವು. ಪುಟ್ಟಗೌರಮ್ಮ ಅರಿಶಿನದ ಬಟ್ಟೆಯಲ್ಲಿ ಸುತ್ತಿ ಕಳಿಸಿದ್ದನ್ನು ಸುಭಾನರು ಬೇರೆಯವುಗಳ ಜೊತೆ ಸೇರಿಸದೆ ಕೋಟಿನ ಒಳಜೇಬಿನ ಮೇಲೆ ಚುಚ್ಚಿದರು.

ತೊಂಬತ್ತೊಂಬತ್ತರಲ್ಲಿ ಕಾರ್ಗಿಲ್ ಯುದ್ಧವಾದಾಗ ಕಾಲೇಜಿನ ಹುಡುಗಿಯರು ಡಬ್ಬಿ ಹಿಡಿದು ಪೇಟೆಬೀದಿಗೆ ಬಂದರು. ಫಕ್ರುನ್ನೀಸಾ ಡಬ್ಬಿಗೆ ಕಾಸು ಹಾಕಿದಳು. ಒಬ್ಬಳು ಕಾಗದದ ಪುಟ್ಟ ಬಾವುಟವನ್ನು ಆಕೆಯ ಎದೆಗೆ ಚುಚ್ಚಿದಳು. ಸಂಜೆ ಅಂಗಡಿ ಮುಚ್ಚುವಾಗ ಸುಭಾನರು ಕೋಟು ಬಿಡಿಸಿ, ಒಂದು ಖಾಲಿ ಜಾಗ ತೋರಿಸಿ, ಕೈ ಚಾಚಿದರು.

"ಇದು ನಂದು" ಎಂದಳು ಫಕ್ರುನ್ನೀಸಾ, ಬುರ್ಖಾ ಸರಿಮಾಡಿಕೊಳ್ಳುತ್ತ. "ಇನ್ನೊಂದು ಐವತ್ತು ವರ್ಷ ಬಿಟ್ಟು ಬಂದು ಕೇಳಿ."