ಒಂದು ಬೋಲ್ಟಿಗೆ ಎರಡು ವಾಷರ್

ಗಾಡಿಗಳ ಹೊಟ್ಟೆಯ ಕೆಳಗೆ ಮಲಗಿಯೇ ಅರ್ಧ ಆಯುಸ್ಸು ಕಳೆದವಳು ಅವಳು. ಗಂಡ ತೀರಿಕೊಂಡಾಗ, ಇನ್ನು ಗ್ಯಾರೇಜಿಗೆ ಬೀಗ ಬಿತ್ತು ಎಂದು ಬೀದಿಯವರೆಲ್ಲ ಕಾದದ್ದೇ ಬಂತು. ಅವಳು ಗಂಡನ ಅಂಗಿಯನ್ನೇ ತೊಟ್ಟು, ತೋಳು ಮಡಚಿ, ಸ್ಪ್ಯಾನರ್ ಹಿಡಿದಳು. ಊರಿನ ಬಾಯಲ್ಲಿ ಅವಳು ಹಳೇ ವಾಷರಮ್ಮ.

ಆ ಹೆಸರೇನೂ ಪುಕ್ಕಟೆ ಬಂದದ್ದಲ್ಲ. ಗೇರ್‌ಬಾಕ್ಸಿನ ಆಯಿಲ್ ಬದಲಿಸುವಾಗ ತಳದ ಬೋಲ್ಟ್ ಬಿಚ್ಚಬೇಕು. ಆ ಬೋಲ್ಟಿನ ತಲೆಯಡಿ ತಾಮ್ರದ ಸಣ್ಣ ಬಳೆ, ಅದೇ ವಾಷರ್. ಬಿಗಿದಾಗ ಅದು ಅಮುಕಿಕೊಂಡು ಆಯಿಲ್ ಸೋರದಂತೆ ತಡೆಯುತ್ತದೆ. ಉಳಿದ ಗ್ಯಾರೇಜಿನವರು ಪ್ರತಿ ಸಲ ಅದನ್ನು ಎಸೆದು ಹೊಸದು ಹಾಕುತ್ತಾರೆ. ಇವಳು ಗ್ಯಾಸಿನ ಉರಿಗೆ ಹಿಡಿದು, ಕೆಂಪಗೆ ಕಾಯಿಸಿ, ನೀರಿಗೆ ಅದ್ದಿ, ಮೆತ್ತಗಾದದ್ದನ್ನೇ ಮತ್ತೆ ಹಾಕುತ್ತಾಳೆ.

"ತಾಮ್ರ ಕಣಯ್ಯಾ, ಬೆಂಕಿ ಕಂಡ್ರೆ ಮತ್ತೆ ಎಳೇದಾಗುತ್ತೆ. ನನ್ನ ಕಾಯಿಸಿದ್ರೆ ಆಗಲ್ಲ, ಅಷ್ಟೇ!" ಎಂದು ಗಿರಾಕಿಗಳನ್ನು ನಗಿಸುತ್ತಿದ್ದಳು.

ಒಬ್ಬನೇ ಮಗ. ಗ್ರೀಸಿನ ವಾಸನೆ ಬಂದರೆ ಸಾಕು, ಅವನಿಗೆ ತಲೆನೋವು. ಎದುರು ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡ. ಆದರೆ ಮದುವೆಯಾಗಿ ತಂದ ಹೆಂಡತಿ ಇದ್ದಾಳಲ್ಲ, ಅವಳು ದರ್ಜಿಯನ್ನು ಕಟ್ಟಿಕೊಂಡು ಗ್ಯಾರೇಜಿನ ಜೊತೆ ಸಂಸಾರ ಮಾಡಲು ಬಂದವಳು! ಮೊದಲ ವಾರದಲ್ಲೇ ಅತ್ತೆಯ ಪಕ್ಕ ಮಲಗಿ ಗಾಡಿಯ ಹೊಟ್ಟೆ ನೋಡತೊಡಗಿದಳು. ಅತ್ತೆ ಹಿಗ್ಗಿ ಹೀರೇಕಾಯಿ. ಒಂದೇ ಒಂದು ಲೋಪ, ಸೊಸೆಗೆ ಎಲ್ಲವೂ ಹೊಸದೇ ಬೇಕು. ಹೊಸ ವಾಷರ್, ಹೊಸ ಸೀಲು, ಹೊಸ ಗ್ಯಾಸ್ಕೆಟ್.

"ಸೀಲಿನ ರಬ್ಬರ್ ಗಟ್ಟಿಯಾಗಿದೆ ಅತ್ತೆ, ಇದನ್ನೂ ಕಾಯಿಸ್ತೀರಾ?"

"ಸೀಲು ಬದಲಾಯಿಸೇ, ಬೇಡ ಅಂದೋರು ಯಾರು? ತಾಮ್ರ ಏನ್ ಪಾಪ ಮಾಡಿತ್ತು?"

ದಿನಾ ಇದೇ ರಾಮಾಯಣ. ಹಾಗಂತ ಒಬ್ಬಳು ಬಾರದಿದ್ದರೆ ಇನ್ನೊಬ್ಬಳಿಗೆ ಕೆಲಸ ಓಡದು.

ಸೊಸೆಗೊಂದು ಹುಚ್ಚಿತ್ತು. ಊರಾಚೆಯ ಗುಡ್ಡದಲ್ಲಿ ವರ್ಷಕ್ಕೊಮ್ಮೆ ಜೀಪುಗಳ ಓಟ. ಗುಜರಿಯಿಂದ ಒಂದು ಜೀಪು ತಂದು, ಎಲುಬು ಎಲುಬು ಜೋಡಿಸಿ ಅದಕ್ಕೆ ಜೀವ ಬರಿಸಿದ್ದಳು. ಹೋದ ವರ್ಷ ಓಟದ ಗೆರೆಯಲ್ಲೇ ಕ್ಲಚ್ ವೈರು ಕಿತ್ತು, ಗಂಡ ಹೆಂಡತಿ ಜೀಪನ್ನು ತಳ್ಳಿಕೊಂಡು ಬರುವಾಗ ದಾರಿಯುದ್ದಕ್ಕೂ ಸಿಳ್ಳೆ. ಅಂದೇ ಅವಳು ಹೇಳಿಬಿಟ್ಟಳು: "ಮುಂದಿನ ಸಲವೂ ಓಡಲಿಲ್ಲ ಅಂದ್ರೆ ಜೀಪ್ ಮಾರಿಬಿಡ್ತೀನಿ. ಸ್ಪ್ಯಾನರೂ ಮುಟ್ಟಲ್ಲ. ಇವರ ಅಂಗಡೀಲಿ ಗುಂಡಿ ಹೊಲ್ಕೊಂಡು ಕೂತಿರ್ತೀನಿ."

ಮೂಗಿನ ತುದಿಯಲ್ಲೇ ಕೋಪವಿದ್ದ ಹುಡುಗಿ, ಆಡಿದ್ದನ್ನು ಮಾಡುವವಳು. ಸೊಸೆಯಿಲ್ಲದ ಗ್ಯಾರೇಜು ಅತ್ತೆಗೆ ಬೇಕಿರಲಿಲ್ಲ, ಕೊಟ್ಟರೂ ಬೇಕಿರಲಿಲ್ಲ.

ಈ ವರ್ಷ ಓಟದ ಹಿಂದಿನ ದಿನ ಗೇರ್‌ಬಾಕ್ಸಿನ ಆಯಿಲ್ ಬದಲಿಸಲು ಕೂತರು. ಹಳೆಯದನ್ನು ಇಳಿಸಿ ಸೊಸೆ ಹೊಸ ವಾಷರ್ ತರಲು ಅಂಗಡಿಗೆ ಓಡಿದಳು. ಅಂಗಡಿಯ ಅಲ್ಯೂಮಿನಿಯಂ ವಾಷರ್ ಎಂದರೆ ಅತ್ತೆಗೆ ಕಾಗದದ ಸಮ. ನಾಳೆ ಅದೇ ಕೈಕೊಟ್ಟರೆ? ಇವಳು ಸರಸರನೆ ತಾಮ್ರದ ವಾಷರನ್ನು ಕಾಯಿಸಿ, ಅದ್ದಿ, ಬೋಲ್ಟಿಗೆ ತೊಡಿಸಿದಳು. ಅದು ಬೋಲ್ಟಿನ ತಲೆಗೆ ಅಂಟಿದ ಹಾಗೆ ಕೂತಿತು. ಅಷ್ಟರಲ್ಲಿ ಬಾಗಿಲಲ್ಲಿ ಗಿರಾಕಿ ಕೂಗಿದ, ಎದ್ದು ಹೋದಳು. ಮಾತು ಮುಗಿಸಿ ಬರುವಷ್ಟರಲ್ಲಿ ಸೊಸೆ ಹಿಂತಿರುಗಿ ಬೋಲ್ಟ್ ಬಿಗಿದು, ಆಯಿಲ್ ತುಂಬಿ ಆಗಿತ್ತು. ಇವಳು ನೋಡದೆ ನನ್ನದನ್ನೇ ಹಾಕಿದ್ದಾಳೆ ಎಂದು ಅತ್ತೆ ಒಳಗೊಳಗೇ ನಕ್ಕಳು. ಸೊಸೆಯೂ ಅದೇನನ್ನೋ ನೆನೆದು ನಗುತ್ತಿದ್ದಳು.

ಮರುದಿನ ಗುಡ್ಡದ ಬುಡದಲ್ಲಿ ಜನವೋ ಜನ. ಎಂಜಿನ್ನುಗಳ ಗುಡುಗು, ಧೂಳು, ಮೈಕಿನ ಅರಚಾಟ. ಅತ್ತೆಗಂತೂ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಸೊಸೆ ಸ್ಟೇರಿಂಗ್ ಹಿಡಿದು ಕೂತಿದ್ದಾಳೆ, ಪಕ್ಕದ ಸೀಟಿನಲ್ಲಿ ಮಗ ಕಣ್ಣು ಮುಚ್ಚಿಕೊಂಡಿದ್ದಾನೆ. ಪರೀಕ್ಷೆ ಮಾಡುವವನು ಒಂದೊಂದೇ ಗಾಡಿಯ ಕೆಳಗೆ ಬಗ್ಗಿ ನೋಡುತ್ತ ಬಂದ. ಇವರ ಜೀಪಿನ ಕೆಳಗೆ ಬಗ್ಗಿದವನು ಏಳಲಿಲ್ಲ.

"ಗೇರ್‌ಬಾಕ್ಸ್ ತೊಟ್ಟಿಕ್ತಿದೆಯಲ್ಲಮ್ಮಾ! ಆಯಿಲ್ ಸೋರೋ ಗಾಡಿ ಬಿಡೋ ಹಾಗಿಲ್ಲ. ಮುಂದಿನ ಗಾಡಿ ಹೊರಡೋ ಅಷ್ಟರಲ್ಲಿ ಸರಿ ಮಾಡಿ, ಇಲ್ಲ ಪಕ್ಕಕ್ಕೆ ತಗೀರಿ."

ಕಳ್ಳನ ಮನಸ್ಸು ಹುಳ್ಳು ಹುಳ್ಳಗೆ. ನನ್ನ ವಾಷರೇ ಕೈಕೊಟ್ಟಿತು ಎಂದುಕೊಂಡಳು ಅತ್ತೆ. ಸೊಸೆ ಹೋದಳು, ಗ್ಯಾರೇಜು ಹೋಯಿತು, ಎಲ್ಲ ನನ್ನ ಹಟದಿಂದ! ಮರುಕ್ಷಣ ಸ್ಪ್ಯಾನರ್ ಕಿತ್ತುಕೊಂಡು ಜೀಪಿನಡಿ ನುಸುಳಿದಳು. ಸೊಸೆಯೂ ಹಿಂದೆಯೇ ನುಸುಳಿದಳು. ಬೋಲ್ಟ್ ಬಿಚ್ಚಿ ಸೊಸೆಯ ಕೈಗೆ ಹಾಕಿ, ಆ ತೂತಿಗೆ ಅತ್ತೆ ಹೆಬ್ಬೆರಳು ಒತ್ತಿದಳು. ಬಿಸಿ ಆಯಿಲ್ ಮಣಿಕಟ್ಟು ದಾಟಿ ತೋಳಿನೊಳಗೆ ಇಳಿಯಿತು.

"ಅತ್ತೇ, ಇಲ್ಲಿ ಎರಡಿದೆ!"

"ಏನು ಎರಡು?"

"ವಾಷರ್! ನಾನು ಹೊಸದು ಹಾಕ್ದೆ. ಅದರ ಕೆಳಗೆ ಹಳೇದು ಯಾರು ಹಾಕಿದ್ದು?"

ಇನ್ಯಾರು! ಅಡುಗೆಗೆ ಅತ್ತೆ ಸೊಸೆ ಇಬ್ಬರೂ ಉಪ್ಪು ಹಾಕಿದ ಹಾಗಾಗಿತ್ತು. ಎರಡು ಒಂದರ ಮೇಲೊಂದು ಕೂತು, ಗಾಡಿ ಬಿಸಿಯಾದ ಕೂಡಲೇ ನಡುವಿನ ಸಂದಿಯಲ್ಲಿ ಆಯಿಲ್ ದಾರಿ ಹುಡುಕಿಕೊಂಡಿತ್ತು.

"ನಾನೇ ಕಣೇ. ಹೊಸದೇ ಹಾಕು, ಹಳೇದು ಬಿಸಾಕು!" ಎಂದಳು ಅತ್ತೆ.

"ಬೇಡ ಅತ್ತೆ, ನಿಮ್ಮದೇ ಇರಲಿ!"

"ಹೇಳಿದಷ್ಟು ಮಾಡೇ, ಹೊಸದು!"

"ಹಳೇದೇ ಅಂದ್ನಲ್ಲ!"

"ಯಾವುದಾದ್ರೂ ಒಂದು ಹಾಕ್ರಮ್ಮಾ!" ಪರೀಕ್ಷೆಯವನು ಮೇಲಿನಿಂದ ಅರಚಿದ.

ಸೊಸೆ ಎರಡನ್ನೂ ಬೆಳಕಿಗೆ ಹಿಡಿದಳು. ಹೊಸದು ಒಂದು ಕಡೆ ಸೊಟ್ಟಗೆ ಜಜ್ಜಿಹೋಗಿತ್ತು. ತಾಮ್ರದ್ದು ಚಪ್ಪಟೆಯಾಗಿ ನೆಟ್ಟಗಿತ್ತು. ಅದನ್ನು ತಿರುವಿ ತೊಡಿಸಿ, "ತಗೀರಿ ಬೆರಳು!" ಎಂದಳು. ಇನ್ನೊಂದಿಷ್ಟು ಆಯಿಲ್ ಚೆಲ್ಲಿತು, ಬೋಲ್ಟ್ ಕೂತಿತು. ಬಟ್ಟೆಯಿಂದ ಒರೆಸಿ ಇಬ್ಬರೂ ಉಸಿರು ಬಿಗಿಹಿಡಿದು ನೋಡಿದರು. ಒಂದು ಹನಿ ಇಲ್ಲ!

"ಹೋದದ್ದು ಒಂದು ಲೋಟ, ಅಷ್ಟಕ್ಕೆ ಏನೂ ಆಗಲ್ಲ. ಹೊರಡು, ಹೊರಡು!" ಎಂದು ಅತ್ತೆ ಹೊರಗೆ ತೆವಳುವಷ್ಟರಲ್ಲಿ ಮಗ ಸೀಟಿನಿಂದ ಕೆಳಗೆ ಹಾರಿದ್ದ.

"ಅಮ್ಮಾ, ನೀನೇ ಕೂತ್ಕೋ. ದಾರೀಲಿ ಸೋರಿದ್ರೆ ನಾನೇನು ಸೂಜಿ ದಾರ ಹಾಕ್ಲಾ?"

ಬೇಡ ಎನ್ನಲು ಬಿಡಲಿಲ್ಲ. ತಾಯಿಯ ತಲೆಗೆ ಹೆಲ್ಮೆಟ್ಟು ಮುಚ್ಚಿ, ಎತ್ತಿ ಕೂರಿಸಿ, ಬೆಲ್ಟ್ ಎಳೆದು ಕಟ್ಟಿದ. ಬಾವುಟ ಬಿತ್ತು, ಜೀಪು ನೆಗೆಯಿತು.

ಅಯ್ಯಯ್ಯೋ, ಗಾಡಿ ಎಂದರೆ ಹೀಗೂ ಇರುತ್ತದೆಯೇ! ಇಷ್ಟು ವರ್ಷ ಕೆಳಗಿನಿಂದ ನೋಡಿದ್ದೇ ಆಯಿತು. ಅವಳು ಮುಟ್ಟಿದ ಗೇರಿನ ಪ್ರತಿ ಹಲ್ಲು, ಪ್ರತಿ ಬೇರಿಂಗು ಈಗ ಅವಳ ಬೆನ್ನಡಿಯಲ್ಲಿ ಗುಡುಗುತ್ತಿತ್ತು. ತಿರುವುಗಳು ಎದುರಿಗೆ ಬಂದು ಬಂದು ಹಿಂದೆ ಹೋದವು. ಹೆದರಿಕೆಯೋ ಖುಷಿಯೋ, ಗಂಟಲು ಬಿರಿಯುವಂತೆ ಕೂಗುತ್ತಿದ್ದಳು. ಕೊನೆಯ ಏರಿನಲ್ಲಿ ಗೇರ್ ಕರಕರ ಎಂದಿತು. ಮುಂದಿನ ಜೀಪು ಕೈಗೆಟಕುವಷ್ಟು ಹತ್ತಿರ. ಅತ್ತೆಯ ಜೀವವೇ ಆದ ಹಲ್ಲುಗಳು ಸವೆದಾವು ಎಂದು ಸೊಸೆ ಕಾಲು ಸಡಿಲಿಸಿದಳು.

ಹಳೇ ವಾಷರಮ್ಮ ಡ್ಯಾಶ್‌ಬೋರ್ಡಿಗೆ ಎರಡೂ ಕೈಯಿಂದ ಬಡಿದಳು.

"ಒತ್ತೇ! ಹೋದ್ರೆ ಹೋಗ್ಲಿ, ಗೇರ್‌ಬಾಕ್ಸೇ ಹೊಸದು ಹಾಕೋಣ!"