ವಿನೋದಾ ಟೀಚರ ಓಡಾಡುವ ವಾಕ್ಯಗಳು

ವಿನೋದಾ ಟೀಚರ ಇಂಗ್ಲಿಷ್ ತರಗತಿಯಲ್ಲಿ ವಾಕ್ಯಗಳು ಎದ್ದು ಓಡಾಡುತ್ತಿದ್ದವು. ಒಂದು ಕಥೆಯನ್ನು ಕತ್ತರಿಸಿ, ಒಂದೊಂದು ವಾಕ್ಯದ ಚೀಟಿಯನ್ನು ಒಂದೊಂದು ಮಗುವಿಗೆ ಕೊಟ್ಟು, "ಇನ್ನು ನೀವೇ ಸಾಲಾಗಿ ನಿಲ್ಲಿ. ಕಥೆ ಆಗ್ಬೇಕು" ಎನ್ನುತ್ತಿದ್ದರು. ಯಾರು ಮುಂದೆ, ಯಾರು ಹಿಂದೆ ಎಂದು ಏಳನೇ ತರಗತಿಯವರು ತುಳುವಿನಲ್ಲಿ ಜಗಳವಾಡುವ ಗದ್ದಲಕ್ಕೆ ಪಕ್ಕದ ಕೋಣೆಯಲ್ಲಿ ನನ್ನ ಗಣಿತ ದಿಕ್ಕಾಪಾಲಾಗುತ್ತಿತ್ತು. ಬಯ್ಯಲು ಹೋದವನು ಬಾಗಿಲಲ್ಲೇ ನಿಂತು ನೋಡುತ್ತಿದ್ದೆ.

ಬಂಟ್ವಾಳದ ಹತ್ತಿರದ ನಮ್ಮ ಶಾಲೆಗೆ ಮೂಡುಬಿದಿರೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಅತಿಥಿ ಶಿಕ್ಷಕಿ ಅವರು. ಖಾಯಂ ಶಿಕ್ಷಕರು ಬಂದ ದಿನ ಹೊರಡಬೇಕಾದವರು.

ಒಮ್ಮೆ ನಿಂಬೆ ಶರಬತ್ತು ಮಾಡುವ ಕ್ರಮವನ್ನು ಜೋಡಿಸಲು ಕೊಟ್ಟರು. ಮಕ್ಕಳು ಸೋಸುವ ಚೀಟಿಯನ್ನು ಹಿಂಡುವ ಚೀಟಿಗಿಂತ ಮುಂದೆ ನಿಲ್ಲಿಸಿದರು. ಟೀಚರ್ ತಿದ್ದಲಿಲ್ಲ. ಅದೇ ಕ್ರಮದಲ್ಲಿ ಮಾಡಿ ಹಂಚಿದರು. ನನಗೂ ಒಂದು ಲೋಟ ಬಂತು.

"ಇದೆಂತ ಟೀಚರ್, ಬೀಜ ಅಗಿಯುವುದಾ?"

"ಮಕ್ಕಳ ಸಾಲಿನಲ್ಲಿ ಹಾಗೇ ಉಂಟಲ್ಲ ಸರ್, ನಾನೆಂತ ಮಾಡುವುದು?"

ಖಾಯಂ ಶಿಕ್ಷಕರು ಬರುತ್ತಾರೆಂಬ ಸುದ್ದಿ ಕೇಳಿದ್ದೇ ಮಕ್ಕಳು ಶಿಕ್ಷಣಾಧಿಕಾರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯಲು ಕುಳಿತರು. ಟೀಚರನ್ನು ಕಳಿಸಬೇಡಿ ಎಂಬುದೊಂದೇ ಅದರ ಸಾರ. ತಮ್ಮದೇ ಕೆಲಸದ ಮಾತು, ಟೀಚರ್ ತಿದ್ದದೆ ಸುಮ್ಮನಿರುತ್ತಾರೆಂದುಕೊಂಡೆ. ಎಲ್ಲಿ!

"ಇದನ್ನು ಓದುವವರಿಗೆ ನನ್ನ ಪರಿಚಯ ಉಂಟಾ?" ಎಂದು ಕೇಳಿದರು.

ಮಕ್ಕಳು ಪತ್ರವನ್ನು ಹೊಸದಾಗಿ ಜೋಡಿಸತೊಡಗಿದರು. ಶರಬತ್ತಿನ ಪ್ರಸಂಗ ಪತ್ರದ ತಲೆಗೆ ಬಂತು, ಬೇಡಿಕೆ ಕೆಳಗೆ ಇಳಿಯಿತು. 'ಅವರು ಹೋದರೆ ನಮಗೆ ಹೀಗೆ ಯಾರು ಕಲಿಸುತ್ತಾರೆ?' ಎಂಬಲ್ಲಿಗೆ ಪತ್ರ ನಿಂತಿತು.

"ಮುಗಿಯಲೇ ಇಲ್ಲವಲ್ಲ ಮಾರಾಯ್ತಿ ಇದು?" ಎಂದರು ಟೀಚರ್, ಬರೆದ ಹುಡುಗಿ ರಂಜಿತಾಳಿಗೆ.

"ಪ್ರಶ್ನೆಯಲ್ಲಿ ನಿಲ್ಲಿಸಿದ್ದು ಟೀಚರ್. ಓದಿದವರು ಉತ್ತರ ಕೊಡ್ಲೇಬೇಕಲ್ಲ!"

ಟೀಚರ್ ಅವಳ ತಲೆ ಸವರಿದರು. ಇಷ್ಟು ವರ್ಷ ಪಾಠ ಮಾಡಿದ ನನಗೆ ಆ ಕ್ಷಣ ಅವರ ಮೇಲೆ ಹೊಟ್ಟೆಕಿಚ್ಚೇ ಆಯಿತು.

ಪತ್ರ ಅಂದೇ ಅಂಚೆಗೆ ಬಿತ್ತು. ಉತ್ತರ ಬರುವ ಮೊದಲೇ, ಸೋಮವಾರ ಹೊಸ ಸರ್ ಬಂದರು. ಪಾಪ, ಒಳ್ಳೆಯವರೇ. ವಿನೋದಾ ಟೀಚರ್ ಅಂದು ಸಂಜೆಯ ಬಸ್ಸು ಹತ್ತಿದರು. ಆಮೇಲೆ ನಮ್ಮ ಕಡೆಗೆ ಬಂದಿಲ್ಲ. ಪಕ್ಕದ ಕೋಣೆಯಲ್ಲಿ ಈಗ ಸದ್ದಿಲ್ಲ, ನನ್ನ ಲೆಕ್ಕಗಳು ಸುಸೂತ್ರವಾಗಿ ನಡೆಯುತ್ತವೆ. ಅಂಚೆಯವನು ಗೇಟಿನ ಬಳಿ ಸೈಕಲ್ ನಿಲ್ಲಿಸಿದಾಗ ಮಾತ್ರ ನನ್ನ ಗಣಿತ ತರಗತಿಯಲ್ಲಿ ಕುಳಿತ ರಂಜಿತಾ ಪೆನ್ಸಿಲ್ ಕೆಳಗಿಟ್ಟು ಕಿಟಕಿಯಾಚೆ ನೋಡುತ್ತಾಳೆ. ನಾನು ಗದರಿಸುವುದಿಲ್ಲ. ನಾನೂ ಅತ್ತಲೇ ನೋಡುತ್ತಿರುತ್ತೇನೆ.