ಒದ್ದೆ ಫರ್ಸಿಯ ಮೇಲಿನ ಹೆಸರು

ಈ ಬೆಳಿಗ್ಗೆ ಪಡಸಾಲೆಯ ಹಾಸುಗಲ್ಲು ಒರೆಸುತ್ತಿದ್ದ ನನ್ನ ಹೆಂಡತಿ, "ಈ ಫರ್ಸಿ ಮ್ಯಾಲ ಯಾರದೋ ಹೆಸರು ಕಾಣ್ಲಿಕತ್ತದ ನೋಡ್ರಿ" ಎಂದಳು. ನಾನು ಏಳಲಿಲ್ಲ. ಬರೆದವನು ನಾನೇ. ಸೀಮೆಸುಣ್ಣ ನೀರು ತಾಗಿದರೆ ಹೋಗಬೇಕು. ಇದು ನೀರು ತಾಗಿದರೆ ಬರುತ್ತದೆ. ಕೋಳಿ ಕೆದರಿದ ಹಾಗಿದೆಯೆಂದು ಮಾಸ್ತರರು ಬೈಯುತ್ತಿದ್ದ ನನ್ನ ಅಕ್ಷರ ಇಷ್ಟು ವರ್ಷ ಬಾಳಿಕೆ ಬಂದಿದೆ.

ಹರೆಯದಲ್ಲಿ ನಾನು ವಾಡಿ ಊರಿನ ಹೊರಗಿದ್ದ ಮಿಲಿಟರಿ ದವಾಖಾನೆಯಲ್ಲಿ ಕಂಪೌಂಡರ್. ಅಲ್ಲಿ ಹನ್ನೆರಡು ಮಂಚ. ಪ್ರತಿ ಮಂಚದ ತಲೆಯ ಕಡೆ ಗೋಡೆಗೆ ಆನಿಸಿದ ಶಹಾಬಾದ ಫರ್ಸಿ. ಅದರ ಮೇಲೆ ಸೀಮೆಸುಣ್ಣದಲ್ಲಿ ರೋಗಿಯ ಹೆಸರು, ಕಾಯಿಲೆ ಬರೆಯುವುದು ನನ್ನ ಕೆಲಸ. ಸಿಪಾಯಿಗಳು ಕಡಿಮೆಯಾದಂತೆ ಕಲ್ಲುಗಣಿಯವರಿಗೂ ಜಾಗ ಸಿಕ್ಕಿತು. ಅವರಲ್ಲಿ ನನ್ನಪ್ಪ ಒಬ್ಬ. ಕಲ್ಲು ಪಾಲಿಶ್ ಮಾಡಿ ಮಾಡಿ ಎದೆಯಲ್ಲಿ ದೂಳು ಕೂತಿತ್ತು. ಅಲ್ಲಿನ ಆಕ್ಸಿಜನ್ ಇಲ್ಲದಿದ್ದರೆ ಅವನಿಗೆ ಉಸಿರಿಲ್ಲ.

ಮಂಚ ಖಾಲಿ ಕಂಡರೆ ದವಾಖಾನೆ ಮುಚ್ಚುತ್ತಾರೆಂದು ಸುದ್ದಿ ಬಂತು. ಮೇಜರ್ ಸಾಹೇಬರು ತಪಾಸಣೆಗೆ ಬರುವ ದಿನ ನಾನು ಗಣಿಯಿಂದ ಗಟ್ಟಿಮುಟ್ಟಾದವರನ್ನು ಕರೆತಂದು ಮಲಗಿಸಿ, ಒಬ್ಬನಿಗೆ ಕಾಮಾಲೆ, ಇನ್ನೊಬ್ಬನಿಗೆ ಹೊಟ್ಟೆಶೂಲೆ ಹಂಚಿದೆ. ಹನ್ನೊಂದನೆಯ ಮಂಚಕ್ಕೆ ಮಾತ್ರ ಯಾರೂ ಒಪ್ಪಲಿಲ್ಲ. ಹಿಂದಿನ ತಿಂಗಳು ಚಿಮ್ಮನಚೋಡದ ಸಿಪಾಯಿ ಶರಣಪ್ಪ ಅದರ ಮೇಲೆ ಚಳಿಜ್ವರದಲ್ಲಿ ಸತ್ತಿದ್ದ. ನಾನು ಜಾಣ ನೋಡಿ; ಎರಡು ದಿಂಬಿಟ್ಟು ಕಂಬಳಿ ಹೊದಿಸಿದೆ, ಫರ್ಸಿಯ ಮೇಲೆ ಮಸುಕಾಗಿ ಉಳಿದಿದ್ದ ಅವನ ಹೆಸರನ್ನೇ ಮತ್ತೆ ಗಾಢವಾಗಿ ತಿದ್ದಿದೆ.

ಸಾಹೇಬರು ಬಂದಾಗ ಸುಡುವ ಮಧ್ಯಾಹ್ನ. ಉಳಿದವರನ್ನು ನೋಡಿದಂತೆ ಮಾಡಿ ಮುಂದೆ ಹೋದರು. ಹನ್ನೊಂದನೆಯದರ ಬಳಿ ಬಗ್ಗಿ ಕಂಬಳಿಯೊಳಗೆ ಕೈಯಿಟ್ಟರು, ಯಾರದೋ ಮಾತು ಕೇಳುತ್ತಿರುವಂತೆ ಸ್ವಲ್ಪ ಹೊತ್ತು ನಿಂತರು. ಇವನ ಕೈ ಬರ್ಫದಂತಿದೆ, ಇನ್ನೊಂದು ಕಂಬಳಿ ಕೊಡು ಎಂದು ಹಿಂದಿಯಲ್ಲಿ ನನಗೆ ಹೇಳಿ ಹೊರಟುಹೋದರು.

ಕಂಬಳಿ ಎತ್ತಿ ನೋಡಿದೆ. ಎರಡೇ ದಿಂಬು. ನಗು ಬಂತು, ಹೆದರಿಕೆಯೂ ಬಂತು. ಕಂಬಳಿ ಮಡಚಿ ಕಪಾಟಿಗೆ ಹಾಕಿದೆ. ಪಕ್ಕದ ಮಂಚದಲ್ಲಿದ್ದ ಅಪ್ಪ ಮೂಗಿನ ನಳಿಗೆ ಸರಿಸಿ, "ಇದ್ದದ್ದೂ ತಗದ್ಯಲ್ಲೋ ತಮ್ಮಾ. ಅಂವ ಭಾಳ ನಡುಗ್ಲಿಕತ್ತಾನ" ಎಂದ.

ದವಾಖಾನೆ ಇನ್ನೆರಡು ವರ್ಷ ನಡೆಯಿತು. ಅಷ್ಟೂ ದಿನ ಅಪ್ಪ ಉಸಿರಾಡಿದ. ಹನ್ನೊಂದನೆಯ ಮಂಚಕ್ಕೆ ಕಂಬಳಿ ಮಾತ್ರ ನಾನು ಹಾಕಲಿಲ್ಲ. ಹಾಕಿದರೆ ಶರಣಪ್ಪ ಅಲ್ಲಿದ್ದಾನೆಂದು ಒಪ್ಪಿದಂತಾಗುತ್ತದೆಂಬ ಭಯ. ಕೊನೆಗೆ ಮುಚ್ಚಿದಾಗ ಅವನ ಹೆಸರಿದ್ದ ಆ ಒಂದು ಫರ್ಸಿಯನ್ನು ಬಿಟ್ಟುಬರಲು ಮನಸ್ಸಾಗದೆ ಮನೆಗೆ ತಂದು ಹಾಸಿದೆ.

ಹೆಂಡತಿ ಕಲ್ಲಿನ ಮೇಲೆ ಅಂಗೈಯಿಟ್ಟು, "ಇಂಥಾ ಬಿಸಲಾಗ ಇದೊಂದೇ ಇಷ್ಟು ಥಂಡಿ ಯಾಕದ?" ಎಂದು ಕೇಳಿದಳು. ಆಗ ಎದ್ದೆ. ಟ್ರಂಕಿನಿಂದ ಎರಡು ಕಂಬಳಿ ತಂದು ಒಂದರ ಮೇಲೊಂದು ಹೊದಿಸಿದೆ. ಎರಡು ಯಾಕೆಂದು ಅವಳು ನನ್ನ ಮುಖ ನೋಡಿದಳು.

"ಒಂದು ನಾ ತಗದದ್ದು," ಎಂದೆ. "ಇನ್ನೊಂದು ಸಾಹೇಬ್ರು ಕೊಡು ಅಂದದ್ದು."